ಒಂದು ಲಕ್ಷದ ಮೂರು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಸವಣೂರಿನ ಆ ಕಾಲವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಏನಾದರೊಂದು ಸೇರಿಸುತ್ತದೆ ಎಂಬ ಗುಮಾನಿ ನನಗಿದೆ. ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ಸಂಖ್ಯೆ ಮಾತ್ರ ಖಚಿತ: ಒಂದು ಲಕ್ಷದ ಮೂರು. ಒಂದು ಲಕ್ಷದ ಒಂದು ಆಗಿದ್ದರೆ ಹನ್ನೊಂದರಿಂದ ಶೇಷವಿಲ್ಲದೆ ಒಡೆಯುತ್ತಿತ್ತು. ಅಕ್ಕನ ಬದುಕು ಬೇರೆಯಾಗುತ್ತಿತ್ತು.

ಅಪ್ಪ ತೀರಿದ ಮೇಲೆ ಮನೆಯಲ್ಲಿ ಅವರ ತಮ್ಮ, ನಮ್ಮ ಕಾಕಾ, ಹೇಳಿದ್ದೇ ಮಾತು. ಎಲೆತೋಟ ಅವರದು; ಪಡಸಾಲೆ ತುಂಬ ಒದ್ದೆ ವೀಳ್ಯದೆಲೆಯ ಘಾಟು. ನಮಗೆ ಮಗ್ಗಿ ಕಲಿಸಿದವರೂ ಅವರೇ. ಶಾಂತಕ್ಕ ಮತ್ತು ನಾನು ಹುಣಸೆಬೀಜಗಳನ್ನು ಸಮಸಾಲಾಗಿ ಜೋಡಿಸುವ ಆಟ ಆಡುತ್ತಿದ್ದೆವು. ಹೇಗೆ ಜೋಡಿಸಿದರೂ ಹೊಂದದ ಏಳು, ಹದಿಮೂರು, ಹತ್ತೊಂಬತ್ತನ್ನು ಅಕ್ಕ ಹಟಮಾರಿಗಳು ಎನ್ನುತ್ತಿದ್ದಳು.

ಅಕ್ಕ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಹೈಸ್ಕೂಲಿಗೆ ಹೋಗುತ್ತೇನೆಂದಳು. ಹಿರೇಕೆರೂರಿನಲ್ಲಿ ಆಗಲೇ ಒಂದು ಗಂಡು ನೋಡಿದ್ದರು. ಕಾಕಾ ಎಲೆ ಜೋಡಿಸುತ್ತ ನಕ್ಕರು.

“ಲೆಕ್ಕ ಭಾಳ ಬರ್ತೈತಿ ಅಂತೀಯಲ್ಲ, ಒಂದು ಲಕ್ಷದ ಮೂರನ್ನ ಒಡದು ತೋರಿಸು. ಶೇಷ ಉಳೀಬಾರ್ದು. ತೋರಿಸಿದ್ರ ನಾನ ಸಾಲಿಗೆ ಹೆಸರು ಹಚ್ಚತೇನಿ.”

“ಒಂದರಿಂದ ಒಡದ್ರ ನಡೀತೈತೇನ್ರಿ?” ಎಂದೆ ನಾನು.

“ಹೋಗ, ಭಾಳ ಶ್ಯಾಣ್ಯಾಕಿ!”

“ಮಾತು ತಪ್ಪಬಾರ್ದ್ರಿ ಕಾಕಾ,” ಎಂದಳು ಅಕ್ಕ.

ಬೇಸಿಗೆಯಿಡೀ ಪಾಟಿಯ ಮೇಲೆ ಭಾಗಾಕಾರ. ಏಳರಿಂದ ಒಂದು ಉಳಿಯಿತು, ಹನ್ನೊಂದರಿಂದ ಎರಡು, ಹದಿಮೂರರಿಂದ ಏಳು. ನಾನು ಕುರುಕಲು ಖಾರ ಮೆಲ್ಲುತ್ತ ಪಾಟಿ ಒರೆಸಿಕೊಡುತ್ತಿದ್ದೆ.

“ಇದು ಎಲ್ಲಿತನಾ ಅಕ್ಕಾ?”

“ಮುನ್ನೂರಾ ಹದಿನಾರರ ತನಾ ಸಾಕು. ಅದಕ್ಕಿಂತ ದೊಡ್ಡದರಿಂದ ಒಡೀತು ಅಂದ್ರ ಅದರ ಜೋಡಿ ಸಣ್ಣದಿರಬೇಕಲ್ಲ? ಸಣ್ಣದಿದ್ರ ನಮಗ ಮೊದಲ ಸಿಗತಿತ್ತು.”

ಯಾರೂ ಕಲಿಸಿರದ ಮಾತು. ಕಾಲೇಜಿನಲ್ಲಿ ಕಲಿತದ್ದನ್ನು ನಾನೇ ಈಗ ಅವಳ ಬಾಯಿಗೆ ತುರುಕುತ್ತಿದ್ದೇನೆಯೇ? ಇಲ್ಲವೆಂದು ನಂಬಿದ್ದೇನೆ.

ಕೊನೆಯ ಹಟಮಾರಿ ಮುನ್ನೂರ ಹದಿಮೂರೂ ಶೇಷ ಉಳಿಸಿದ ಮಧ್ಯಾಹ್ನ ಅಕ್ಕ ಕಾಕಾನ ಮುಂದೆ ನಿಂತಳು. ಮುಖದಲ್ಲಿ ಗೆದ್ದ ಕಳೆ.

“ಕಾಕಾ, ಅದು ಒಡಿಯೂದಿಲ್ರಿ. ಯಾಕಂತ ತೋರಸ್ತೇನಿ, ಬರ್ರಿ.”

“ಒಡದಿ ಏನು?”

“ಯಾವುದರಿಂದಾನೂ ಒಡಿಯೂದಿಲ್ಲ ಅನ್ನೂದ ಉತ್ತರ ರೀ.”

“ನಾ ಹೇಳಿದ್ದು ಒಡದು ತೋರಿಸು ಅಂತ.” ಕಾಕಾ ಎಲೆಗಳ ಮೇಲೆ ನೀರು ಚಿಮುಕಿಸಿದರು. “ಒಳಗ ಹೋಗು. ನಾಳೆ ಹಿರೇಕೆರೂರಿಂದ ಮಂದಿ ಬರಾಕತ್ತಾರ.”

ಅಕ್ಕ ಅತ್ತ ನೆನಪಿಲ್ಲ. ಮದುವೆಯಾಗಿ ಹೋದಳು. ವರ್ಷಗಳ ಮೇಲೆ ಅದೇ ಕಾಕಾ ನನ್ನನ್ನು ಕಾಲೇಜಿಗೆ ಕಳಿಸಿದರು. ಅಲ್ಲಿ ಅವಿಭಾಜ್ಯ ಸಂಖ್ಯೆ ಗುರುತಿಸಲು ವರ್ಗಮೂಲದ ತನಕ ಭಾಗಿಸಿದರೆ ಸಾಕೆಂಬ ಪಾಠ ಕೇಳಿದ ವಾರವೇ ಹಿರೇಕೆರೂರಿಗೆ ಓಡಿದೆ. “ಅಕ್ಕಾ, ನೀ ಅಂದದ್ದು ಖರೆ ಇತ್ತು!” ಎಂದೆ. ಅವಳು ಜೋಳ ಹಸನು ಮಾಡುತ್ತಿದ್ದಳು. “ಯಾವ ಸಂಖ್ಯೆ ಅದು?” ಎಂದು ಕೇಳಿದಳು. ಹೇಳಿದೆ. ತಲೆಯಾಡಿಸಿ ಮೊರದಲ್ಲಿ ಜೋಳ ಕೇರತೊಡಗಿದಳು. ಅವಳೊಳಗಿನ ಆ ಹುಡುಗಿಯನ್ನು ಈಗ ಬಲ್ಲವಳು ನಾನೊಬ್ಬಳೇ. ನನ್ನ ನೆನಪನ್ನಂತೂ ನಂಬುವಂತಿಲ್ಲ.

ಕಾಕಾ ತೀರಿಹೋಗುವ ಮೊದಲಿನ ವರ್ಷ ಅವರ ಪಕ್ಕ ಕೂತು ಕೇಳಿದೆ. ಅವರು ಅಡಕೆ ಕತ್ತರಿಸುತ್ತಿದ್ದರು.

“ಕಾಕಾ, ಅದು ಒಡಿಯೂದಿಲ್ಲಂತ ನಿಮಗ ಮೊದಲ ಗೊತ್ತಿತ್ತೇನ್ರಿ?”

ಕಾಕಾ ಇನ್ನೊಂದು ಅಡಕೆ ತೆಗೆದುಕೊಂಡು ಸರಿಯಾಗಿ ಎರಡು ಹೋಳು ಮಾಡಿದರು.