ನಂಜುಂಡ, ಆ ಹೊಗೆಯನ್ನೂ ನೀನೇ ನುಂಗು

ನಂಜನಗೂಡಿನ ಸ್ವಾಮಿಯನ್ನು ನಂಬಿದ ಎಲ್ಲರಿಗೂ ನಮಸ್ಕಾರ. ಜ್ವಾಲಾಮುಖಿ ಸಿಡಿದ ದಿನ ನಮ್ಮ ಯಜಮಾನರು ಆ ದ್ವೀಪಕ್ಕೆ ಹೋಗಿದ್ದರು. ಅಂಥ ಹೊತ್ತಿಗೆ ಅವರನ್ನು ಅಲ್ಲಿಗೆ ಕಳಿಸಿದವರು ನಾವೇ, ನಾನು ಮತ್ತು ನಮ್ಮತ್ತೆ.

ನಾವಿರುವುದು ಕಡಲಾಚೆಯ ಹ್ಯಾಮಿಲ್ಟನ್ ಊರಿನ ರೊಟೊಟೂನ ಬಡಾವಣೆಯಲ್ಲಿ. ಸಮುದ್ರದ ನಡುವೆ ಸದಾ ಹೊಗೆಯಾಡುವ ಆ ಬೆಟ್ಟವನ್ನು ನೋಡಿಬರಬೇಕೆಂದು ಎಂಜಿನಿಯರ್ ಆದ ಇವರಿಗೆ ಬಹಳ ದಿನದ ಆಸೆ. ಬೆಳಗಿನ ದೋಣಿಗೆ ಟಿಕೆಟ್ ಆಗಿತ್ತು. ಮೈಸೂರಿನಿಂದ ಬಂದಿದ್ದ ಅತ್ತೆ ಅಡುಗೆಮನೆಯ ಕ್ಯಾಲೆಂಡರ್ ನೋಡಿ, "ಸೋಮವಾರ ಬೆಳಿಗ್ಗೆ ರಾಹುಕಾಲ ಕಣೋ. ಆ ಹೊತ್ನಲ್ಲಿ ನೀರಿನ ಮೇಲೆ ಹೊರಡೋದು ಬೇಡ" ಎಂದರು.

"ಅದು ಮೈಸೂರಿನ ಕ್ಯಾಲೆಂಡರ್ ಅಮ್ಮ. ರಾಹುನೂ ಪ್ಲೇನ್ ಹತ್ತಿ ಬಂದಿದ್ದಾನಾ?" ಎಂದು ಇವರು ನಕ್ಕರು. ನಾನು ಅತ್ತೆಯ ಕಡೆ ಸೇರಿ ಟಿಕೆಟನ್ನು ಮಧ್ಯಾಹ್ನದ ದೋಣಿಗೆ ಬದಲಾಯಿಸಿದೆ. ಸೋಮವಾರವೆಂದರೆ ನಮ್ಮಲ್ಲಿ ಒಪ್ಪತ್ತು, ಸಂಜೆ ಪೂಜೆಯಾದ ಮೇಲೇ ಊಟ. ಇವರು ಒಂದು ಲೋಟ ಹಾಲು ಕುಡಿದು ಕಾರು ಹತ್ತಿದರು.

ಮಧ್ಯಾಹ್ನ ಕೋಸಂಬರಿಗೆ ಬೇಳೆ ನೆನೆಹಾಕುತ್ತಿದ್ದಾಗ ಪಕ್ಕದ ಬೀದಿಯ ಆಂಟಿ ಫೋನ್ ಮಾಡಿದರು. "ಟಿವಿ ಹಾಕಮ್ಮ. ಕೂತ್ಕೊಂಡು ನೋಡು" ಎಂದರು. ಸಮುದ್ರದಿಂದ ಆಕಾಶದವರೆಗೆ ಬೂದಿ ಎದ್ದು ನಿಂತಿತ್ತು. ಅದರ ಬುಡದಲ್ಲಿ ದ್ವೀಪವೇ ಕಾಣುತ್ತಿರಲಿಲ್ಲ. ಬೆಳಗಿನ ದೋಣಿಯವರು ಆಗಲೇ ದಡ ಸೇರಿದ್ದರಂತೆ. ಅದನ್ನು ಕೇಳಿದ ಮೇಲೆ ಅತ್ತೆ ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ. ಇವರ ಫೋನಿಗೆ ಕರೆ ಹೋಗುತ್ತಲೇ ಇರಲಿಲ್ಲ.

ಇಬ್ಬರೂ ದೋಣಿ ಹೊರಡುವ ಕಡಲತೀರದ ಊರಿಗೆ ಹೊರಟೆವು. ದಾರಿಯಲ್ಲಿ ಅತ್ತೆ ಆಡಿದ್ದು ಒಂದೇ ಮಾತು. "ನನ್ ಮಗನ್ನ ನಾನೇ ನೂಕಿಬಿಟ್ಟೆ." ತಲೆಯ ಮೇಲೆ ಹೆಲಿಕಾಪ್ಟರುಗಳು ಹೋಗುತ್ತಲೇ ಇದ್ದವು.

ಪೊಲೀಸರು ನಮ್ಮನ್ನು ಆಸ್ಪತ್ರೆಗೆ ಕಳಿಸಿದರು. ಒಳಗೆಲ್ಲ ಗಂಧಕದ ನಾತ. ನರ್ಸೊಬ್ಬರು ನನ್ನ ಕೈ ಹಿಡಿದು, ಇವರ ಮೈಮೇಲೆ ಉಂಗುರವೋ ಹಚ್ಚೆಯೋ ಏನಾದರೂ ಗುರುತಿದೆಯೇ ಎಂದು ಕೇಳಿದರು. ಮುಖ ನೋಡಿ ಗುರುತಿಸಬಹುದಾದ ಸ್ಥಿತಿಯಲ್ಲಿ ಯಾರೂ ಇಲ್ಲವೆಂದು ಆಗ ಅರ್ಥವಾಯಿತು. ಅಲ್ಲೇ ಗೋಡೆಗೆ ಒರಗಿ ಬೇಡಿದೆ. ಹಾಲಾಹಲ ಕುಡಿದವನು ನೀನು. ನಂಜುಂಡ, ಆ ಹೊಗೆಯನ್ನೂ ನೀನೇ ನುಂಗು. ಇವರನ್ನು ಕೊಡು, ನಿನ್ನ ಗುಡಿಯಲ್ಲಿ ಉರುಳುಸೇವೆ ಮಾಡುತ್ತೇನೆ.

ಅತ್ತೆಗೆ ನೀರು ತರಲು ಹೊರಗೆ ಬಂದೆ. ಬಾಗಿಲ ಪಕ್ಕ, ಮೈತುಂಬ ಬೂದಿ ಮೆತ್ತಿದ ಒಬ್ಬ ಮನುಷ್ಯ ಹೆಂಗಸಿನ ಕೆಂಪು ಜಾಕೆಟ್ ತಬ್ಬಿಕೊಂಡು ಕೂತಿದ್ದ. ನಾನು ದಾಟಿಕೊಂಡೇ ಹೋಗಿದ್ದೆ.

"ನಾನು ಕಣೇ."

ಖಾಲಿ ಹೊಟ್ಟೆಯಲ್ಲಿ ದೋಣಿ ಓಲಾಡಿ ದಾರಿಯುದ್ದಕ್ಕೂ ವಾಂತಿಯಾಗಿತ್ತಂತೆ. ನಿಲ್ಲಲೂ ಆಗದವರನ್ನು ದ್ವೀಪಕ್ಕೆ ಇಳಿಸುವುದಿಲ್ಲವೆಂದು ದೋಣಿಯವರು ಇವರನ್ನು ಒಳಗೇ ಮಲಗಿಸಿದ್ದರು. ಪಕ್ಕದ ಸೀಟಿನ ಹೆಂಗಸು, ಹೇಗೂ ನೀವು ಇಲ್ಲೇ ಇರುತ್ತೀರಲ್ಲ ಎಂದು ಜಾಕೆಟ್ ಇವರ ಕೈಗೆ ಕೊಟ್ಟು ಇಳಿದರಂತೆ. ಬೆಟ್ಟ ಸಿಡಿದ ಮೇಲೆ ದೋಣಿಯವರ ಜೊತೆ ಇವರೂ ಮೈಸುಟ್ಟವರನ್ನು ದೋಣಿಗೆ ಎಳೆದುಕೊಂಡು, ದಡ ಸೇರುವವರೆಗೆ ಅವರ ಮೈಮೇಲೆ ನೀರು ಹಾಕುತ್ತ ಬಂದರು. ಆ ಗಡಿಬಿಡಿಯಲ್ಲಿ ಫೋನ್ ಎಲ್ಲಿ ಬಿತ್ತೋ ತಿಳಿಯದು.

"ಅವರು ಎಲ್ಲೂ ಸಿಕ್ಲಿಲ್ಲ. ಇದನ್ನ ಯಾರಿಗೆ ಕೊಡ್ಲಿ?" ಎಂದು ನನ್ನನ್ನು ಕೇಳಿದರು. ಕೊನೆಗೆ ಪೊಲೀಸರಿಗೆ ಕೊಟ್ಟೆವು.

ರಾಹುಕಾಲ ನೋಡಿ ಕಳಿಸಿದವರು ನಾವು. ಸೋಮವಾರದ ಒಪ್ಪತ್ತನ್ನೇ ನೆಪ ಮಾಡಿ ದೋಣಿಯಲ್ಲೇ ತಡೆದು ನಿಲ್ಲಿಸಿದವನು ಆ ನಂಜುಂಡ. ಅತ್ತೆ ಆ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದುಬಿಟ್ಟರು, ಒಪ್ಪತ್ತನ್ನು ಬಿಡಲಿಲ್ಲ.

ಹರಕೆ ತೀರಿಸಿ ಬಂದಿದ್ದೇನೆ. ಇದನ್ನು ಬರೆಯುತ್ತೇನೆಂದಾಗ ಇವರು, "ನನ್ನ ಉಳಿಸಿದ ಅಂತ ಬರಿ. ಜಾಕೆಟ್ ಕೊಟ್ಟೋರನ್ನ ಯಾಕೆ ಉಳಿಸ್ಲಿಲ್ಲ ಅಂತಾನೂ ಕೇಳು" ಎಂದರು. ಕೇಳುವುದಾದರೂ ಅವನನ್ನೇ ಕೇಳಬೇಕು, ಕೇಳುತ್ತಲೇ ಇದ್ದೇನೆ. ಈಗ ಪ್ರತಿ ಸೋಮವಾರ ಎರಡು ದೀಪ ಹಚ್ಚುತ್ತೇನೆ. ಒಂದು ಇವರ ಹೆಸರಿನಲ್ಲಿ. ಇನ್ನೊಬ್ಬರ ಹೆಸರನ್ನು ಇವರು ಕೇಳಿಕೊಂಡಿರಲಿಲ್ಲ. ನಂಜುಂಡನಿಗೆ ಗೊತ್ತಿರುತ್ತದೆ.