ಹಳೇ ಲ್ಯಾಪ್‌ಟಾಪು, ಅತ್ತೆಯ ಬೆಸುಗೆ

ಆ ವರ್ಷ ಅಟ್ಟೂರಿನ ನಮ್ಮ ಬಾಡಿಗೆ ಮನೆಯ ಮುಂದಿನ ರಸ್ತೆಯನ್ನು ಕೇಬಲ್ ಹಾಕಲು ಅಗೆದಿದ್ದರು. ಒಂದು ವಾರದ ಕೆಲಸ ಅಂದವರು ಬೇಸಿಗೆಯೆಲ್ಲ ಅಗೆಯುತ್ತಲೇ ಇದ್ದರು. ಬೆಳಿಗ್ಗೆ ಹತ್ತಕ್ಕೆ ಹೋದ ಕರೆಂಟು ಕೆಲವು ದಿನ ಮಧ್ಯಾಹ್ನಕ್ಕೆ ಬರುತ್ತಿತ್ತು, ಕೆಲವು ದಿನ ಸಂಜೆಗೆ. ನಾನು ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಮಾಡುವವಳು. ನನ್ನ ಲ್ಯಾಪ್‌ಟಾಪಿಗೆ ಆಗಲೇ ಹನ್ನೊಂದು ವರ್ಷ. ಬ್ಯಾಟರಿ ಊದಿಕೊಂಡು ಕೀಲಿಮಣೆಯನ್ನೇ ಮೇಲಕ್ಕೆತ್ತಿದ್ದರಿಂದ ಅದನ್ನು ತೆಗೆಸಿಬಿಟ್ಟಿದ್ದೆ. ಹಾಗಾಗಿ ಕರೆಂಟು ಹೋಯಿತೆಂದರೆ ಪರದೆಯೂ ಕಪ್ಪು, ಟೈಪ್ ಮಾಡಿದ್ದೂ ಇಲ್ಲ.

ಹೊಸದು ಕೊಳ್ಳಬಹುದಿತ್ತಲ್ಲ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಕಡತಗಳೆಲ್ಲ ಹಳೇ ಕಾಲದ ಕನ್ನಡ ಸಾಫ್ಟ್‌ವೇರಿನಲ್ಲಿದ್ದವು. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಒಂದು ಸಾಲೂ ಓದಲು ಬರುತ್ತಿರಲಿಲ್ಲ. ಇನ್ವರ್ಟರ್ ಹಾಕಿಸೋಣವೆಂದರೆ ಕೆಳಗಿನ ಮನೆಯ ಓನರ್ ವೈರಿಂಗ್ ಮುಟ್ಟಲು ಬಿಡಲಿಲ್ಲ. ಒಂದು ಸಣ್ಣ ಯುಪಿಎಸ್ ತಂದೆವು. ಅದು ಹದಿನೈದು ನಿಮಿಷ ಕೂಗಿ ಮಲಗಿಬಿಡುತ್ತಿತ್ತು.

ಅದೇ ಹೊತ್ತಿಗೆ ಸಂಶೋಧನೆ ಮಾಡುತ್ತಿದ್ದ ಒಬ್ಬಾಕೆ ತನ್ನ ಮಹಾಪ್ರಬಂಧವನ್ನು ಟೈಪ್ ಮಾಡಲು ಕೊಟ್ಟಿದ್ದಳು. ಕೆರೆಗಳ ಹೆಸರುಗಳ ಮೇಲಿನ ಪ್ರಬಂಧ, ಎಲ್ಲವೂ ಕೈಬರಹ. ತಿಂಗಳ ಕೊನೆಗೆ ಸಲ್ಲಿಸದಿದ್ದರೆ ಅವಳ ಅವಧಿಯೇ ಮುಗಿದುಹೋಗುತ್ತಿತ್ತು. ಒಂದು ದಿನ ಮುಕ್ಕಾಲು ಅಧ್ಯಾಯ ಹೀಗೆ ಹೋದಾಗ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಆರ್.ಟಿ. ನಗರಕ್ಕೆ ಹೋದೆ. ಅಲ್ಲಿ ರಿಪೇರಿ ಅಂಗಡಿ ಇಟ್ಟಿರುವ, ನಾನು ಭಾಯ್ ಎಂದು ಕರೆಯುವ ಮನುಷ್ಯ ಅದನ್ನು ಮೊದಲಿಂದ ಬಲ್ಲವರು.

"ಮೇಡಂ, ಇದರ ಬ್ಯಾಟರಿ ಈಗ ಎಲ್ಲೂ ಸಿಗಲ್ಲ. ನಿಮ್ದು ಹಗಲು ಹೊತ್ತಿನ ಕೆಲ್ಸ ತಾನೆ? ಟೆರೇಸ್ ಇದ್ಯಾ?"

"ಇದೆ ಭಾಯ್."

"ಹಂಗಾದ್ರೆ ಬಿಸಿಲಲ್ಲಿ ಓಡ್ಸಿ."

ತಮಾಷೆ ಎಂದುಕೊಂಡೆ. ಅವರು ಒಂದು ಹಳೇ ರಸೀದಿಯ ಹಿಂಬದಿಯಲ್ಲಿ ಚಿತ್ರ ಬರೆದೇ ತೋರಿಸಿದರು. ಮೇಲೆ ಸೋಲಾರ್ ಪ್ಯಾನೆಲ್, ಅದರಿಂದ ಆಟೋಗೆ ಹಾಕುವಂಥ ಒಂದು ಬ್ಯಾಟರಿ, ನಡುವೆ ಅದು ಹೆಚ್ಚು ಚಾರ್ಜ್ ಆಗದಂತೆ ಕಾಯುವ ಒಂದು ಡಬ್ಬಿ. "ಬ್ಯಾಟರಿ ಕೊಡೋದು ಹನ್ನೆರಡು ವೋಲ್ಟು. ಲ್ಯಾಪ್‌ಟಾಪ್‌ಗೆ ಬೇಕಾಗಿರೋದು ಹತ್ತೊಂಬತ್ತು. ಈ ಬೋರ್ಡು ಹನ್ನೆರಡನ್ನ ಹತ್ತೊಂಬತ್ತಕ್ಕೆ ಏರ್ಸುತ್ತೆ," ಎಂದು ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಬೋರ್ಡೊಂದನ್ನು ಮುಂದಿಟ್ಟರು. ರಂಜಾನ್ ಮುಗಿದ ಮೇಲೆ ತಾವೇ ಬಂದು ಜೋಡಿಸಿಕೊಡುತ್ತೇನೆ ಅಂದರು. ಪ್ರಬಂಧ ಅಷ್ಟು ದಿನ ಕಾಯುವಂತಿರಲಿಲ್ಲ. ನಾನೇ ಮಾಡಿಕೊಳ್ಳುತ್ತೇನೆ ಅಂದೆ.

"ಮಾಡಿ. ಆದ್ರೆ ಪ್ಲಸ್ಸು ಮೈನಸ್ಸು ಉಲ್ಟಾ ಆದ್ರೆ ಮುಗೀತು. ಆಮೇಲೆ ಈ ಲ್ಯಾಪ್‌ಟಾಪು ನಂಗೂ ಬೇಡ, ನಿಮ್ಗೂ ಬೇಡ." ಕೆಟ್ಟುಹೋದ ಒಂದು ಚಾರ್ಜರಿನ ಪಿನ್ನನ್ನು ವೈರ್ ಸಮೇತ ಕತ್ತರಿಸಿ ಕೈಗೆ ಕೊಟ್ಟರು. ಉಳಿದ ಸಾಮಾನನ್ನೂ ಅವರಿಂದಲೇ ಕೊಂಡೆ; ವೋಲ್ಟ್ ಅಳೆಯುವ ಮೀಟರನ್ನೂ ಬ್ಯಾಟರಿಯಿಂದಲೇ ಕಾಯುವ ಸೋಲ್ಡರಿಂಗ್ ಗನ್ನನ್ನೂ ಎರವಲು ಕೊಟ್ಟರು.

ಪ್ಯಾನೆಲನ್ನು ಟೆರೇಸಿನಲ್ಲಿ ಬಿಸಿಲು ಚೆನ್ನಾಗಿ ಬೀಳುವ ಮೂಲೆಯಲ್ಲಿ ಇಟ್ಟೆ. ಅರ್ಧ ಗಂಟೆಯಲ್ಲಿ ಓನರ್ ಹೆಂಡತಿ ಬಂದರು. "ಏನಮ್ಮ, ನನ್ನ ಹಪ್ಪಳದ ಜಾಗಾನೇ ಬೇಕಿತ್ತಾ ನಿನಗೆ?" ವಾದ ಮಾಡದೆ ನೀರಿನ ಟ್ಯಾಂಕಿನ ಪಕ್ಕಕ್ಕೆ ಸರಿಸಿದೆ. ಅಲ್ಲಿ ಹತ್ತೂವರೆಯವರೆಗೆ ಟ್ಯಾಂಕಿನ ನೆರಳು. ಆಗಲಿ ಅಂದುಕೊಂಡು ಕಿಟಕಿಯೊಳಗಿಂದ ವೈರ್ ಎಳೆದುಕೊಂಡೆ. ಬೋರ್ಡಿನ ಸಣ್ಣ ತಿರುಪನ್ನು ತಿರುಗಿಸುತ್ತ ಮೀಟರಿನಲ್ಲಿ ಹತ್ತೊಂಬತ್ತು ಬರುವವರೆಗೆ ಕಾದೆ. ಆಮೇಲೆ ಸೋಲ್ಡರಿಂಗ್ ಗನ್ ಹಿಡಿದು, ವಿಡಿಯೋ ನೋಡಿಕೊಂಡು, ಪಿನ್ನಿನ ಎರಡು ವೈರುಗಳನ್ನು ಬೋರ್ಡಿಗೆ ಬೆಸೆದೆ. ಲ್ಯಾಪ್‌ಟಾಪಿನ ದೀಪ ಹತ್ತಿತು. ಕೋಣೆಯಲ್ಲಿ ಒಬ್ಬಳೇ ಇದ್ದೆ, ಜೋರಾಗಿ ನಕ್ಕೆ.

ಅರ್ಧ ಪುಟ ಆಗುವಷ್ಟರಲ್ಲಿ ಮೊಣಕೈ ತಾಗಿ ಮೇಜು ಅಲ್ಲಾಡಿತು. ಪರದೆ ಕಪ್ಪಾಯಿತು. ಮತ್ತೆ ಬೆಸೆದೆ, ಮತ್ತೆ ಹೋಯಿತು. ಮೂರು ದಿನ ಇದೇ ಆಯಿತು. ಮೂರನೇ ದಿನ ಹೊಗೆಗೋ ಸಿಟ್ಟಿಗೋ ಕಣ್ಣಲ್ಲಿ ನೀರು ಬರುತ್ತಿತ್ತು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ನನ್ನ ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆಯೇ ಅಂದರು:

"ಅದು ಡ್ರೈ ಜಾಯಿಂಟು ಕಣೇ."

"ಏನಂದ್ರಿ ಅತ್ತೆ?"

ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡು ಬಂದರು. "ಇಲ್ಲಿ ನೋಡು, ಬೆಸುಗೆಯ ಲೆಡ್ಡು ಬೂದಿ ಬಣ್ಣಕ್ಕೆ ತಿರುಗಿದೆ. ಹಿಡ್ಕೊಂಡಿಲ್ಲ, ಮೇಲೆ ಕೂತಿದೆ ಅಷ್ಟೆ. ನೀನು ಲೆಡ್ಡು ಕಾಸಿದ್ದೀಯ, ವೈರ್ ಕಾಸಿಲ್ಲ."

ಅತ್ತೆ ಟೆಲಿಫೋನ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದವರು. ನಾನು ಮದುವೆಯಾಗಿ ಈ ಮನೆಗೆ ಬರುವ ಮೊದಲೇ ಬಿಟ್ಟಿದ್ದರು. 'ಅಮ್ಮ ಫ್ಯಾಕ್ಟರೀಲಿದ್ರು' ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದರು. ಡಬ್ಬಿಗಳಿಗೆ ಪ್ಯಾಕಿಂಗ್ ಮಾಡುತ್ತಿದ್ದರೇನೋ ಎಂದು ನಾನಾಗಿಯೇ ಊಹಿಸಿಕೊಂಡು ಹನ್ನೆರಡು ವರ್ಷ ಅದೇ ನಂಬಿಕೆಯಲ್ಲಿದ್ದೆ.

ಗನ್ನಿನ ತುದಿಯನ್ನು ಒದ್ದೆ ಬಟ್ಟೆಗೆ ಒರೆಸಿದರು. ನನ್ನ ಹಳೇ ಬೆಸುಗೆಯನ್ನೆಲ್ಲ ಕರಗಿಸಿ ತೆಗೆದರು. ತುದಿಯನ್ನು ವೈರಿನ ಕೆಳಗೆ ಕೊಟ್ಟು ಎರಡು ಕ್ಷಣ ಸುಮ್ಮನಿದ್ದರು. "ಇದು ಕಾದ್ರೆ ಲೆಡ್ಡು ತಾನೇ ಓಡಿ ಬರುತ್ತೆ," ಅಂದರು. ನಿಜವಾಗಿಯೂ ಓಡಿಬಂತು, ಬೆಳ್ಳಿಯ ಹಾಗೆ ಹೊಳೆಯುತ್ತ. ಹೊಗೆ ಮೂಗಿಗೆ ಬರದಂತೆ ತುಟಿಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಊದಿದರು. ಆ ಊದುವಿಕೆಯನ್ನು ನಾನು ಎಂದೂ ನೋಡಿರಲಿಲ್ಲ.

"ಈಗ ಎಳೆದು ನೋಡು. ಜೋರಾಗಿ ಎಳಿ."

ಎಳೆದೆ. ವೈರಿನ ಜೊತೆ ಬೋರ್ಡೇ ಎದ್ದು ಬಂತು, ಬೆಸುಗೆ ಬಿಡಲಿಲ್ಲ.

"ಇದನ್ನೇ ಮಾಡ್ತಿದ್ರಾ ಅಲ್ಲಿ?"

"ಇನ್ನೇನು ಮಾಡ್ತಾರೆ? ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಇದೇ. ತಪ್ಪಾದ ಬೋರ್ಡು ಟೆಸ್ಟಿಂಗಿಂದ ಸೀಟ್ ನಂಬರ್ ಬರೆಸ್ಕೊಂಡು ವಾಪಸ್ ಬರೋದು. ನನ್ನ ಸೀಟಿಗೆ ಬಂದಿದ್ದು ಕಡಿಮೆ." ಗನ್ನಿನ ತುದಿಯನ್ನು ಮತ್ತೊಮ್ಮೆ ಒರೆಸುತ್ತ ಹೇಳಿದರು. "ಆಮೇಲೆ ಮೆಷಿನ್ ಬಂತು. ಇಡೀ ಬೋರ್ಡನ್ನ ಒಂದೇ ಸಲಕ್ಕೆ ಕರಗಿದ ಲೆಡ್ಡಿನ ಮೇಲೆ ತೇಲಿಸಿ ತೆಗೆಯೋದು. ಮೊದಲ್ನೇ ದಿನ ನಮ್ಮ ಲೈನಿನ ಹೆಂಗಸರೆಲ್ಲ ಎದ್ದು ನಿಂತು ನೋಡಿದ್ವಿ. ಚೆನ್ನಾಗೇ ಮಾಡ್ತಿತ್ತು, ಸುಳ್ಳು ಹೇಳಬಾರ್ದು."

ಅಷ್ಟು ಹೇಳಿ ಸೊಪ್ಪಿನ ಕಡೆ ಹೋದರು. ನನಗೆ ತಕ್ಷಣ ಟೈಪ್ ಮಾಡಲು ಕೂರಲಾಗಲಿಲ್ಲ. ಮಿಕ್ಸಿಯ ವೈರ್ ಕಿತ್ತುಬಂದಾಗ, ಕರೆಗಂಟೆ ಕೆಟ್ಟಾಗ, ಪ್ರತಿ ಸಲವೂ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ ಎರಡೆರಡು ದಿನ ಕಾದಿದ್ದೆವು. ಇವರು ಇದೇ ಮನೆಯಲ್ಲಿದ್ದರು. ಸಂಜೆ ಗಂಡನಿಗೆ ಹೇಳಿದಾಗ ಅವನೂ ಪೆಚ್ಚಾದ. "ಚಿಕ್ಕವನಿದ್ದಾಗ ಅಮ್ಮನ ಬೆರಳಲ್ಲಿ ಸುಟ್ಟ ಕಲೆ ಇರ್ತಿತ್ತು. ಒಲೆಯದ್ದು ಅನ್ಕೊಂಡಿದ್ದೆ," ಅಂದ.

ಆಮೇಲಿನ ದಿನಗಳಲ್ಲಿ ಕೆಲಸ ಹತ್ತೂವರೆಗೆ ಶುರುವಾಗುತ್ತಿತ್ತು. ರಸ್ತೆಯ ಕೆಂಪು ಮಣ್ಣು ಪ್ಯಾನೆಲ್ ಮೇಲೆ ಕೂತರೆ ಚಾರ್ಜು ಇಳಿಯುತ್ತದೆ ಎಂದು ಮೊದಲು ಕಂಡುಕೊಂಡವರೂ ಅತ್ತೆಯೇ. ಮಂಡಿ ನೋವಿದ್ದರೂ ಒದ್ದೆ ಬಟ್ಟೆ ಹಿಡಿದು ಟೆರೇಸಿಗೆ ಹತ್ತುತ್ತಿದ್ದರು. ನಾನು ಹೋಗುತ್ತೇನೆ ಅಂದರೆ "ನೀನು ಟೈಪ್ ಮಾಡು, ಆ ಹುಡುಗಿ ಪಾಡೇನು?" ಅನ್ನುತ್ತಿದ್ದರು. ಮೇಲಿಂದ "ಈಗ ಎಷ್ಟು ತೋರಿಸ್ತಿದೆ?" ಎಂದು ಕೂಗುವುದು, ನಾನು ಡಬ್ಬಿಯ ಅಂಕಿ ನೋಡಿ ಕೆಳಗಿಂದ ಕೂಗುವುದು. ಎರಡು ದಿನ ಮೋಡ ಕವಿದಿತ್ತು. ಆಗ ಪರದೆಯ ಬೆಳಕನ್ನು ಕಣ್ಣಿಗೆ ಕಾಣುವಷ್ಟಕ್ಕೆ ಇಳಿಸಿಕೊಂಡು ಕೂತೆ. ಗಡುವಿನ ಹಿಂದಿನ ದಿನ ಬೆಳಿಗ್ಗೆಯಿಂದಲೇ ಕರೆಂಟಿರಲಿಲ್ಲ. ಮೂರು ಗಂಟೆಗೆ ಕೊನೆಯ ಅಡಿಟಿಪ್ಪಣಿ ಮುಗಿಸಿ, ಬೇರೆ ಕಂಪ್ಯೂಟರಿನಲ್ಲಿ ಅಕ್ಷರ ಚೆಲ್ಲಾಪಿಲ್ಲಿಯಾಗದಂತೆ ಪಿಡಿಎಫ್ ಮಾಡಿಕೊಟ್ಟೆ. ಆ ಹುಡುಗಿ ಪೆನ್‌ಡ್ರೈವ್ ತೆಗೆದುಕೊಂಡು ಜನರೇಟರ್ ಇರುವ ಪ್ರಿಂಟಿಂಗ್ ಅಂಗಡಿ ಹುಡುಕಿಕೊಂಡು ಯಲಹಂಕಕ್ಕೆ ಓಡಿದಳು. ಮಾರನೆಯ ದಿನ ಪ್ರಬಂಧ ಸಲ್ಲಿಕೆಯಾಯಿತು.

ಹಬ್ಬ ಮುಗಿಸಿ ಭಾಯ್ ಒಂದು ಡಬ್ಬಿ ಶಾವಿಗೆಯ ಶೀರ್ ಖುರ್ಮಾ ಹಿಡಿದು ಬಂದರು. ಬೋರ್ಡನ್ನು ತಿರುಗಿಸಿ ಬೆಳಕಿಗೆ ಹಿಡಿದರು.

"ಇದು ನೀವು ಮಾಡಿದ್ದಲ್ಲ ಮೇಡಂ."

ನಾನು ಅತ್ತೆಯ ಕಡೆ ತೋರಿಸಿದೆ. ಭಾಯ್ ಎದ್ದು ನಿಂತರು. "ಅಮ್ಮಾ, ನಮ್ಮ ಅಂಗಡೀಲಿ ಒಂದು ಸ್ಟೂಲ್ ಖಾಲಿ ಇದೆ. ಯಾವಾಗ ಬರ್ತೀರಾ?"

"ಈಗ ಆಗಲ್ಲಪ್ಪ, ಬೆನ್ನು ಕೂರಕ್ಕೆ ಬಿಡಲ್ಲ," ಎಂದು ಅತ್ತೆ ನಕ್ಕರು. ಆದರೂ ಭಾಯ್ ಹೊರಟಾಗ ಅವರನ್ನು ಬಾಗಿಲಲ್ಲಿ ನಿಲ್ಲಿಸಿ, ಇನ್ನೂ ಸಣ್ಣ ಮೊನೆಯ ಗನ್ನು ಎಲ್ಲಿ ಸಿಗುತ್ತದೆ ಎಂದು ಕೇಳಿ ತಿಳಿದುಕೊಂಡರು.

ಮಳೆಗಾಲಕ್ಕೆ ಮೊದಲು ರಸ್ತೆಯ ಗುಂಡಿ ಮುಚ್ಚಿದರು, ಕರೆಂಟೂ ನೆಟ್ಟಗಾಯಿತು. ಪ್ಯಾನೆಲನ್ನು ಇಳಿಸುವ ಯೋಚನೆ ನಮಗೆ ಯಾರಿಗೂ ಬರಲಿಲ್ಲ. ಹಳೇ ಕಡತಗಳನ್ನು ಒಂದೊಂದಾಗಿ ಹೊಸ ಕಂಪ್ಯೂಟರಿಗೆ ಒಗ್ಗುವ ಅಕ್ಷರಕ್ಕೆ ಬದಲಾಯಿಸುತ್ತಿದ್ದೇನೆ, ಅರ್ಧದಷ್ಟು ಮುಗಿದಿದೆ. ಮೋಡದ ದಿನ ಎರಡು ಗಂಟೆಗೇ ಬ್ಯಾಟರಿ ಇಳಿಯುತ್ತದೆ. ಆಗ ಗೋಡೆಯ ಪ್ಲಗ್ಗಿಗೆ ಹಾಕಿಕೊಂಡು ಕೆಲಸ ಮುಂದುವರಿಸುತ್ತೇನೆ.