ಸೂಪರ್‌ವೈಸರ್ ಮಗನಿಗೆ ಸ್ಕಾಲರ್‌ಶಿಪ್

ಶಿವಮೊಗ್ಗದ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಸ್ಕಾಲರ್‌ಶಿಪ್‌ಗಳಿಗೇನೂ ಬರವಿರಲಿಲ್ಲ. ಒಂದಕ್ಕೆ ನನ್ನ ಅಂಕ ಸಾಲದು, ಇನ್ನೊಂದಕ್ಕೆ ಜಾತಿ ಹೊಂದದು, ಮತ್ತೊಂದಕ್ಕೆ ನಾನು ಹುಡುಗಿಯಾಗಿರಬೇಕಿತ್ತು. ಹುಡುಗಿ ಧ್ವನಿ ಬೇಕಾದರೆ ತೆಗೀತಿದ್ದೆ, ಆಧಾರ್ ಒಪ್ಪಬೇಕಲ್ಲ! ಕೊನೆಗೆ ಉಳಿದದ್ದಕ್ಕೆ ಬಡವನಾಗಿದ್ದರೆ ಸಾಕಿತ್ತು. ಅದೊಂದು ನಮ್ಮ ಮನೆಯಲ್ಲಿ ಧಾರಾಳವಾಗಿತ್ತು. ಸಿಕ್ಕರೆ ಕೊನೇ ವರ್ಷದ ಫೀಸು, ಸಿಗದಿದ್ದರೆ ಕಾಲೇಜಿಗೆ ನಮಸ್ಕಾರ.

ಆದಾಯ ಪ್ರಮಾಣಪತ್ರ ಬೇಕು, ಅದಕ್ಕೆ ಕಂದಾಯದವರು ಭದ್ರಾವತಿಯ ಮನೆಗೇ ಬಂದು ವಿಚಾರಿಸ್ತಾರೆ ಅಂದಾಗ ನನಗೆ ಹೆದರಿಕೆಯಾದದ್ದು ಅಪ್ಪನ ಬಗ್ಗೆ. ಕಾರ್ಖಾನೆ ಕೆಲಸ ಹೋದ ಮೇಲೆ ಅಪ್ಪ ಶಿವಮೊಗ್ಗದ ಕಲ್ಯಾಣ ಮಂಟಪವೊಂದರ ವಾಚ್‌ಮನ್. ನಮ್ಮ ಬೀದಿಗೆ ಮಾತ್ರ ಸೂಪರ್‌ವೈಸರ್. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಸ್ ಹತ್ತೋರು. ಯೂನಿಫಾರ್ಮು ಬ್ಯಾಗಿನ ತಳದಲ್ಲಿ, ಊಟದ ಡಬ್ಬಿಯ ಕೆಳಗೆ. ಅವರ ಗತ್ತನ್ನು ಕಾಲೇಜಿನಲ್ಲಿ ಮಿಮಿಕ್ರಿ ಮಾಡಿ ನಾನು ಎಷ್ಟೋ ಸಲ ಪುಕ್ಕಟೆ ಟೀ ಕುಡಿದಿದ್ದೇನೆ.

ಹಾಗಾಗಿ ರಿಹರ್ಸಲ್ ಇಟ್ಟೆ. ಬಡವರಿಗೆ ಬಡವರ ಪಾತ್ರ! ನಾನು ಅಧಿಕಾರಿ. ಮೂಗಿನ ತುದಿಗೆ ಅಮ್ಮನ ಕನ್ನಡಕ.

"ಏನ್ರೀ ಕೆಲಸ?"

"ವಾಚ್‌ಮನ್, ಸಾರ್."

"ಜೋರಾಗಿ ಹೇಳ್ರೀ."

"ಪಕ್ಕದ ಮನೆಗೆ ಕೇಳುತ್ತೋ, ಮಾರಾಯ!"

ಕಂದಾಯದಿಂದ ಬಂದದ್ದು ಎಳೆ ವಯಸ್ಸಿನ ಹುಡುಗ. ಕೂತವನೇ ನಾನು ಬರೆಯದ ಡೈಲಾಗ್ ಹೇಳಿದ: "ನಮ್ಮ ತಂದೇನೂ ಫ್ಯಾಕ್ಟರೀಲೇ ಇದ್ರು ಅಂಕಲ್. ನೀವು ಯಾವ ಡಿಪಾರ್ಟ್‌ಮೆಂಟು?"

ಮುಗೀತು. ಭದ್ರಾವತಿಯಲ್ಲಿ ಆ ಪ್ರಶ್ನೆ ಕೇಳಿದ ಮೇಲೆ ಯಾರೂ ಬಡವರಾಗಿ ಉಳಿಯಲ್ಲ. ಅಪ್ಪನ ಬೆನ್ನು ನೆಟ್ಟಗಾಯಿತು. ಷಿಫ್ಟು, ಸೈರನ್ನು, ಕ್ವಾರ್ಟರ್ಸು ಎಲ್ಲ ಬಂದವು. ಸಕ್ಕರೆ ಇಲ್ಲ ಅಂತ ಕಣ್ಣಲ್ಲೇ ಹೇಳ್ತಿದ್ದ ಅಮ್ಮನಿಗೆ ಕೇಸರಿಬಾತಿನ ಆರ್ಡರ್ ಹೋಯಿತು. ಅಮ್ಮ ಹಿಂದಿನ ಬಾಗಿಲಿಂದ ಲೋಟ ಹಿಡಿದು ಪಕ್ಕದ ಮನೆಗೆ ಓಡಿದರು.

"ಈಗೇನು ಮಾಡ್ತಿದೀರಿ ಅಂಕಲ್?"

"ಸೂಪರ್‌ವೈಸರು. ಬರ್ಕೊಳ್ಳಿ. ದೇವರು ಕಮ್ಮಿ ಏನೂ ಮಾಡಿಲ್ಲ."

ಎಷ್ಟು ಬರುತ್ತೆ ಅಂದಾಗ ಹಳೇ ಕಾರ್ಖಾನೆ ಸಂಬಳವನ್ನೇ ಹೇಳಿದರು. ನಾನು ಕೆಮ್ಮಿದೆ. "ಇವನಿಗೆ ಶೀತ," ಅಂದರು.

ಸ್ಕಾಲರ್‌ಶಿಪ್ ಅರ್ಜಿ ವಾಪಸ್ಸು ಬಂತು: ಆದಾಯ ಮಿತಿ ಮೀರಿದೆ. ನಾನು ಅಪ್ಪನಿಗೆ ಓದಿ ಹೇಳಿದೆ. ನನ್ನದೇ ಧ್ವನಿಯಲ್ಲಿ.

ಮಾರನೇ ದಿನ ಅಪ್ಪ ಮನೆಯಲ್ಲೇ ಯೂನಿಫಾರ್ಮು ಹಾಕಿಕೊಂಡರು, ಟೋಪಿ ಸಮೇತ. ಬೀದಿಯುದ್ದಕ್ಕೂ ನಡೆದರು. ಯಾರೂ ಏನೂ ಕೇಳಲಿಲ್ಲ, ಕೇಳಿದ್ದರೆ ವಾಸಿಯಿತ್ತು. ನಾಡಕಚೇರಿಯಲ್ಲಿ ಆ ಹುಡುಗನೆದುರು ನಿಂತು, "ಸಾರ್, ನಾನು ವಾಚ್‌ಮನ್," ಅಂದರು. ರಿಹರ್ಸಲ್‌ನಲ್ಲಿ ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ. ಹುಡುಗ "ಕೂತ್ಕೊಳ್ಳಿ ಅಂಕಲ್" ಅಂದರೂ ಕೂರಲಿಲ್ಲ.

ಹೊಸ ಪ್ರಮಾಣಪತ್ರ ಕೈಗೆ ಬಂದ ದಿನವೇ ಇಬ್ಬರೂ ಕಾಲೇಜಿಗೆ ಹೋದೆವು. ಗುಮಾಸ್ತೆ ಕಂಪ್ಯೂಟರಿನಿಂದ ತಲೆಯೆತ್ತಲಿಲ್ಲ. "ಪೋರ್ಟಲ್ ನಿನ್ನೆಗೇ ಕ್ಲೋಸು. ಮುಂದಿನ ವರ್ಷ ಹಾಕಪ್ಪ. ಈ ಪ್ರಮಾಣಪತ್ರ ಐದು ವರ್ಷ ನಡೆಯುತ್ತೆ."

"ಇದು ಕೊನೇ ವರ್ಷ ಮೇಡಂ."

"ಅಯ್ಯೋ, ಹೌದಾ?"

ಅಪ್ಪನಿಗೆ ಡ್ಯೂಟಿಯಿತ್ತು, ಮಂಟಪದ ಗೇಟಿನ ತನಕ ಜೊತೆಗೆ ನಡೆದೆ. ಗುಮಾಸ್ತೆಯ 'ಅಯ್ಯೋ ಹೌದಾ' ಮಾಡಿ ತೋರಿಸಿದೆ. ಅಪ್ಪ ನಕ್ಕರು.

"ನಂದೂ ಮಾಡ್ತೀಯಂತಲ್ಲ, ಕಾಲೇಜಲ್ಲಿ. ಮಾಡು, ನೋಡೋಣ."

ಬಾಯಿ ತೆರೆದೆ. ಹಿಂದೆ ಕಾರು ಹಾರ್ನ್ ಹೊಡೆಯಿತು. ಅಪ್ಪ ಓಡಿಹೋಗಿ ಗೇಟು ತೆಗೆದು ಸೆಲ್ಯೂಟ್ ಹೊಡೆದರು. ಅವರ ಕೆಮ್ಮು ಕೂಡ ಕದ್ದವನು ನಾನು. ಆ ಸೆಲ್ಯೂಟನ್ನು ಅವತ್ತೇ ಮೊದಲು ನೋಡಿದ್ದು.

ಈಗ ಅದೇ ಮಂಟಪದ ಆರತಕ್ಷತೆಗಳಲ್ಲಿ ಮೈಕ್ ಹಿಡಿದು ಮಿಮಿಕ್ರಿ ಮಾಡ್ತೀನಿ. ಡಿಗ್ರಿ ಅಲ್ಲಿಗೇ ನಿಂತಿದೆ. ಪ್ರಮಾಣಪತ್ರಕ್ಕೆ ಮಾತ್ರ ಇನ್ನೂ ಅವಧಿಯಿದೆ.